ಬರಗಾಲದ ಸಂಹಿತೆಯನ್ನು ತೆರೆದವರು ಯಾರು?

ಬರ ಬಂದಾಗ ಮಾಡಬೇಕಾದುದನ್ನೆಲ್ಲ ಪುಸ್ತಕದಲ್ಲಿ ಬರೆದಿಟ್ಟರೆ ಸಾಕೆ? ಯಾರಿಗಾಗಿ ಬರೆಯಲಾಯಿತೋ ಅವರು ಅದನ್ನು ಬಳಸುವರೆ? ಈ ಪ್ರಶ್ನೆಗೆ ಉತ್ತರವನ್ನು ನಾವು ನಮ್ಮ ದೇಶದ ಇತಿಹಾಸದಲ್ಲೇ ಹುಡುಕಬಹುದು.

ಧಾತು, ಈಶ್ವರ ಸಂವತ್ಸರಗಳ (1876-78) ಬರ ದಕ್ಷಿಣ ಭಾರತವನ್ನು ಹಿಂಡಿತು. 1871ರಲ್ಲಿ 50 ಲಕ್ಷ ಮೀರಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ 1881ರಲ್ಲಿ 42 ಲಕ್ಷಕ್ಕೆ ಇಳಿಯಿತು. ಇದರಿಂದ ಎಚ್ಚೆತ್ತ ಸರಕಾರ ಸರ್ ರಿಚರ್ಡ್ ಸ್ಟ್ರೇಚಿಯವರ ಅಧ್ಯಕ್ಷತೆಯಲ್ಲಿ ಆಯೋಗ ನೇಮಿಸಿತು. ಅದರ 1880ರ ವರದಿಯ ಆಧಾರದ ಮೇಲೆ 1883ರಲ್ಲಿ ಬರಗಾಲದ ಸಂಹಿತೆಯ ಕರಡು ಸಿದ್ಧವಾಯಿತು.

ಅದು ಜಾಣತನದ ರಚನೆ. ಧಾನ್ಯದ ಬೆಲೆ ಏರಿತೆ, ಜನ ಊರು ಬಿಡುತ್ತಿರುವರೆ ಎಂದು ಅಧಿಕಾರಿಗಳು ಗಮನಿಸಬೇಕು. ಸಂಶಯವಿದ್ದರೆ ಅಲ್ಪ ಕೂಲಿಯ ಪರೀಕ್ಷಾ ಕಾಮಗಾರಿ ತೆರೆಯಬೇಕು. ಅದಕ್ಕೂ ಜನ ಮುಗಿಬಿದ್ದರೆ ಬರ ಖಚಿತವೆಂದು ತಿಳಿದು ಪೂರ್ಣ ಪರಿಹಾರ ಆರಂಭಿಸಬೇಕು. ದುಡಿಯಲಾರದವರಿಗೆ ಉಚಿತ ನೆರವು.

ಆದರೆ 1943ರಲ್ಲಿ ಬಂಗಾಳ ಹಸಿವಿನಿಂದ ನರಳಿದಾಗ ಆ ಸಂಹಿತೆಯನ್ನು ಜಾರಿಗೆ ತರಲೇ ಇಲ್ಲ. ಅದು ವಿಧಿಸಿದಷ್ಟು ಆಹಾರ ಕೊಡಲು ತಮ್ಮಲ್ಲಿ ಧಾನ್ಯವಿಲ್ಲವೆಂಬುದು ಆಳುವವರ ಸಮಜಾಯಿಷಿ. ಸತ್ತವರು ಸುಮಾರು 15 ಲಕ್ಷವೆಂದು ವುಡ್‌ಹೆಡ್ ಆಯೋಗ ಅಂದಾಜು ಮಾಡಿತು. 30 ಲಕ್ಷದಷ್ಟೆಂದು ನಂತರದ ವಿದ್ವಾಂಸರು ಲೆಕ್ಕ ಹಾಕಿದ್ದಾರೆ.

ಮೂವತ್ತು ವರ್ಷಗಳ ಬಳಿಕ ಮಹಾರಾಷ್ಟ್ರದಲ್ಲಿ ಘೋರ ಬರ. ಕನ್ನಡಿಗರ ಹಳೆಯ ನೆಲೆಯಾದ ಸೊಲ್ಲಾಪುರವೂ ಅದಕ್ಕೆ ತುತ್ತಾಯಿತು. ಈ ಬಾರಿ ಜನ ಸುಮ್ಮನಿರಲಿಲ್ಲ. ಮೆರವಣಿಗೆಯಲ್ಲಿ ಸರಕಾರಿ ಕಚೇರಿಗಳಿಗೆ ಬಂದು ಕೆಲಸ ಕೇಳಿದರು. ಅವರ ಮತದಿಂದ ಆರಿಸಿ ಬಂದ ಸರಕಾರ ಕಿವಿಗೊಡಲೇಬೇಕಾಯಿತು. 1973ರ ಬೇಸಗೆಯಲ್ಲಿ ಸುಮಾರು 50 ಲಕ್ಷ ಜನ ಪರಿಹಾರ ಕಾಮಗಾರಿಗಳಲ್ಲಿ ದುಡಿಯುತ್ತಿದ್ದರು. 1977ರ ಉದ್ಯೋಗ ಖಾತರಿ ಕಾಯ್ದೆ ಕೆಲಸ ಕೇಳುವುದನ್ನೇ ಹಕ್ಕಾಗಿಸಿತು.

ಕಡತಗಳ ನಡುವೆ ದಿನ ಕಳೆಯುವ ನಮ್ಮಂಥವರಿಗೆ ಇದರ ಪಾಠ ಸ್ಪಷ್ಟ. ತೆರೆಯದಿದ್ದರೆ ಕೇಳುವವರಿಲ್ಲದ ಪುಸ್ತಕ ಕಪಾಟಿನಲ್ಲೇ ಉಳಿಯುತ್ತದೆ. 2016ರ ಬರ ನಿರ್ವಹಣಾ ಕೈಪಿಡಿಯಲ್ಲಿ ಮಳೆ, ಬಿತ್ತನೆ, ಮಣ್ಣಿನ ತೇವ, ಉಪಗ್ರಹ ಕಂಡ ಹಸಿರು, ಇವೆಲ್ಲಕ್ಕೂ ಅಳತೆಗಳಿವೆ. ಹವಾಮಾನ ಬದಲಾಗುತ್ತಿರುವ ಈ ಕಾಲದಲ್ಲಿ ಅಂಥ ಅಳತೆಗಳು ಬೇಕೇ ಬೇಕು. ಆದರೆ ಅವು ಏನು ಹೇಳುತ್ತವೆಂದು ರೈತನಿಗೂ ತಿಳಿದಿರಬೇಕು. ತಿಳಿದರೆ ತಾನೇ ಅವನು ಕೇಳಿಯಾನು?