ಬಂಧನದ ಮೆಮೊ ಮತ್ತು ಮಾಲು ಜಪ್ತಿ: ಪೊಲೀಸ್ ತರಬೇತಿಯಲ್ಲಿ ಮಾನವ ಹಕ್ಕುಗಳ ಪಾಠ

ಪಶ್ಚಿಮ ಬಂಗಾಳದ ಕಾನೂನು ನೆರವು ಸಂಸ್ಥೆಯೊಂದರ ಪರವಾಗಿ ಡಿ.ಕೆ. ಬಸು ಅವರು ಲಾಕಪ್ ಸಾವುಗಳ ಕುರಿತು 1986ರಲ್ಲಿ ಬರೆದ ಪತ್ರವನ್ನೇ ಸುಪ್ರೀಂ ಕೋರ್ಟ್ ರಿಟ್ ಅರ್ಜಿಯಾಗಿ ಪರಿಗಣಿಸಿತು. 1996ರ ಡಿಸೆಂಬರ್ 18ರ ತೀರ್ಪು ಬಂಧನದ ವೇಳೆ ಪಾಲಿಸಬೇಕಾದ 11 ಸೂಚನೆಗಳನ್ನು ಕೊಟ್ಟಿತು. ಇವನ್ನು ಬಾಯಿಪಾಠ ಮಾಡಿಸುವುದು ಸುಲಭ. ಪೊಲೀಸರಿಗೆ ಹಕ್ಕುಗಳನ್ನು ಕಲಿಸುವುದೆಂದರೆ ದಾಖಲೆ ಬರೆಯುವ, ಓದುವ ಶಿಸ್ತನ್ನು ಕಲಿಸುವುದು ಎಂಬುದು ಈ ಲೇಖನದ ವಾದ.

ಬಂಧನದ ಮೆಮೊವನ್ನೇ ನೋಡೋಣ. ಅದರಲ್ಲಿ ದಿನಾಂಕ, ವೇಳೆ ನಮೂದಾಗಬೇಕು. ಮನೆಯವರೊಬ್ಬರು ಇಲ್ಲವೇ ಆ ಊರಿನ ಗೌರವಸ್ಥರೊಬ್ಬರು ಸಾಕ್ಷಿಯಾಗಿ ರುಜು ಹಾಕಬೇಕು. ಬಂಧಿತನ ರುಜುವೂ ಬೇಕು. ಇವುಗಳಲ್ಲಿ ವೇಳೆಯ ಕಾಲಮಿಗೆ ತೂಕ ಹೆಚ್ಚು. ಸಂವಿಧಾನದ 22ನೇ ವಿಧಿ ಹೇಳುವ 24 ಗಂಟೆಯ ಗಡುವು ಅಲ್ಲಿಂದಲೇ ಶುರು. ‘ವಿಚಾರಣೆಗೆ ಕರೆಸಿದ್ದೇವೆ’ ಎಂದು ಒಬ್ಬನನ್ನು ಎರಡು ದಿನ ಠಾಣೆಯಲ್ಲಿ ಕೂರಿಸಿ ಮೂರನೆಯ ದಿನದ ವೇಳೆ ಬರೆದರೆ ಮೆಮೊದಲ್ಲಿ ಲೋಪ ಕಾಣದು. ಹಕ್ಕು ಮಾತ್ರ ಆಗಲೇ ಹೋಗಿರುತ್ತದೆ. ಮೆಮೊ, ಠಾಣಾ ಡೈರಿ, ವೈದ್ಯರ ವರದಿ ಮೂರನ್ನೂ ಪಕ್ಕಪಕ್ಕ ಇಟ್ಟು ತಾಳೆ ನೋಡುವುದನ್ನು ಪಿಎಸ್‌ಐಗಳಿಗೆ ಕಲಿಸಬೇಕು. ಠಾಣೆಗಳಲ್ಲಿ ಸಿಸಿಟಿವಿ ಕಡ್ಡಾಯಗೊಳಿಸಿದ 2020ರ ಪರಮ್‌ವೀರ್ ಸಿಂಗ್ ಸೈನಿ ತೀರ್ಪಿನ ನಂತರ ನಾಲ್ಕನೆಯ ದಾಖಲೆಯೂ ಸಿಗಬೇಕು.

ನಿಜವಾದ ತೊಡಕಿರುವುದು ಸಾಕ್ಷ್ಯ ಕಾನೂನಿನಲ್ಲಿ. ಪೊಲೀಸರೆದುರಿನ ತಪ್ಪೊಪ್ಪಿಗೆಯನ್ನು ಆರೋಪಿಯ ವಿರುದ್ಧ ರುಜುವಾತುಪಡಿಸುವಂತಿಲ್ಲ. ಆದರೆ ಕಸ್ಟಡಿಯಲ್ಲಿರುವವನು ಕೊಟ್ಟ ಮಾಹಿತಿಯಿಂದ ಮಾಲು ಸಿಕ್ಕರೆ, ಅದಕ್ಕೆ ನೇರವಾಗಿ ಸಂಬಂಧಿಸಿದಷ್ಟು ಮಾತು ಸಾಕ್ಷ್ಯವಾಗುತ್ತದೆ. ಹಳೆಯ ಕಾಯ್ದೆಯ 27ನೇ ಸೆಕ್ಷನ್ ಈಗ ಭಾರತೀಯ ಸಾಕ್ಷ್ಯ ಅಧಿನಿಯಮದ 23ನೇ ಸೆಕ್ಷನ್‌ನ ಪರಂತುಕವಾಗಿ ಉಳಿದಿದೆ. ಬಲವಂತದಿಂದ ಪಡೆದ ಮಾಹಿತಿ ಸಲ್ಲದೆಂದು 1961ರ ಕಾಠಿ ಕಾಲು ಓಘಡ್ ತೀರ್ಪು ಹೇಳಿತು, ನಿಜ. ಆದರೆ ಬಲವಂತವನ್ನು ಸಾಬೀತುಪಡಿಸುವ ಹೊರೆ ಲಾಕಪ್ಪಿನಲ್ಲಿದ್ದವನದೇ. ‘ಬಾಯಿ ಬಿಡಿಸುವ’ ಪದ್ಧತಿಗೆ ಆಸೆ ಹುಟ್ಟುವುದು ಇಲ್ಲೇ. ಮಾನವ ಘನತೆಯ ಕುರಿತ ಉಪನ್ಯಾಸ ಈ ಆಸೆಯನ್ನು ಮುಟ್ಟುವುದಿಲ್ಲ.

ಮುಟ್ಟಬಲ್ಲ ಪಾಠ ದಂಡ ಸಂಹಿತೆಯಲ್ಲೇ ಇದೆ. 1860ರ ಸಂಹಿತೆಯ 330ನೇ ಸೆಕ್ಷನ್ ತನ್ನ ಉದಾಹರಣೆಗೆ ಆರಿಸಿಕೊಂಡದ್ದು ಪೊಲೀಸ್ ಅಧಿಕಾರಿಯನ್ನೇ: ತಪ್ಪೊಪ್ಪಿಸಲು ಹಿಂಸಿಸಿದರೂ ಅಪರಾಧ, ಕದ್ದ ಮಾಲು ಎಲ್ಲಿದೆಯೆಂದು ತೋರಿಸಲು ಹಿಂಸಿಸಿದರೂ ಅಪರಾಧ. ವಸಾಹತು ಕಾಲದ ಶಾಸನಕರ್ತರಿಗೂ ತಮ್ಮ ಪೊಲೀಸರ ಪರಿಚಯ ಚೆನ್ನಾಗಿತ್ತು! ಇದೀಗ ಭಾರತೀಯ ನ್ಯಾಯ ಸಂಹಿತೆಯ 120ನೇ ಸೆಕ್ಷನ್. ಜಪ್ತಿಯ ಪಾಠ ಮತ್ತು ಈ ಸೆಕ್ಷನ್ ಎರಡನ್ನೂ ಒಂದೇ ತರಗತಿಯಲ್ಲಿ, ಒಬ್ಬನೇ ಬೋಧಕ ಕಲಿಸಬೇಕು. ಸಾಧಾರಣ ಗಾಯಕ್ಕೆ ಏಳು ವರ್ಷದವರೆಗೆ, ತೀವ್ರ ಗಾಯಕ್ಕೆ ಹತ್ತು ವರ್ಷದವರೆಗೆ ಸೆರೆವಾಸವಿದೆ.