ಸಾಧನಕೇರಿ

ಧಾರವಾಡ ನಗರದಲ್ಲಿ ಕೆರೆಯೊಂದರ ದಡವನ್ನು ಆಶ್ರಯಿಸಿ ಬೆಳೆದ ವಸತಿ. ಕನ್ನಡ ಕಾವ್ಯಲೋಕದ ಪುಣ್ಯಸ್ಥಳಗಳಲ್ಲೊಂದು. ಹೆಸರಿನ ಉತ್ತರಪದವಾದ ‘ಕೇರಿ’ ಜನವಸತಿಯನ್ನು ಸೂಚಿಸುವುದೇ ಹೊರತು ಕೆರೆಯನ್ನಲ್ಲ. ಆದರೂ ಇಲ್ಲಿಯ ಬಾಳ್ವೆಯಲ್ಲಿ ಇವೆರಡೂ ಬೇರ್ಪಡಿಸಲಾಗದಂತೆ ಬೆರೆತಿವೆ.

‘ಅಂಬಿಕಾತನಯದತ್ತ’ ಕಾವ್ಯನಾಮದ ದ. ರಾ. ಬೇಂದ್ರೆಯವರು (1896–1981) ಇಲ್ಲಿಯ ‘ಶ್ರೀಮಾತಾ’ ಎಂಬ ಮನೆಯಲ್ಲಿ ದೀರ್ಘಕಾಲ ವಾಸಿಸಿ, ಈ ಕೇರಿಯನ್ನೇ ಕವಿತೆಯ ವಸ್ತುವಾಗಿಸಿ, ಓಣಿಯ ಆಡುಮಾತಿಗೆ ಮಂತ್ರದ ಘನತೆಯನ್ನು ತಂದುಕೊಟ್ಟರು. 1964ರಲ್ಲಿ ಪ್ರಕಟವಾದ ಅವರ ‘ನಾಕುತಂತಿ’ಗೆ 1973ರ ಜ್ಞಾನಪೀಠ ಪ್ರಶಸ್ತಿ ಸಂದಿತು. ಮನೆಯ ಸನಿಹದ ಬೇಂದ್ರೆ ಭವನದಲ್ಲಿ ಇಂದಿಗೂ ಸಾಹಿತ್ಯಗೋಷ್ಠಿಗಳು ಜರುಗುತ್ತವೆ.

ಮಲೆನಾಡಿನ ಸೆರಗಿನಲ್ಲಿರುವ ಈ ಊರಿಗೆ ಶ್ರಾವಣದ ಜಿಟಿಜಿಟಿ ಮಳೆ ಇಳಿದಾಗ, ಕೆರೆಯ ನೀರು ಮುಗಿಲಿನ ಬಣ್ಣವನ್ನೇ ತಾಳಿ, ದಂಡೆಯ ಹಾದಿಯಲ್ಲಿ ಕೊಡೆ ಹಿಡಿದು ಸಾಗುವವರ ನೆರಳನ್ನು ನಡುಗಿಸುತ್ತದೆ. ಇದೇ ಜಿಲ್ಲೆಯ ಕಲಘಟಗಿ ತಾಲ್ಲೂಕಿನ ದುಮ್ಮವಾಡದ ಬಳಿಯ ನೀರಸಾಗರವು ಹುಬ್ಬಳ್ಳಿಯ ದಾಹವನ್ನು ತಣಿಸಿದ ಜಲಾಶಯವಾದರೆ, ಸಾಧನಕೇರಿಯ ಕಿರುಗೆರೆಯು ನಾಡಿನ ಭಾವದಾಹವನ್ನು ತಣಿಸಿದ ಜಲವೆನ್ನಬೇಕು. ಇದನ್ನು ಹೂಳಿನಿಂದಲೂ ಹೊಲಸಿನಿಂದಲೂ ಕಾಪಾಡುವುದು ಕನ್ನಡಿಗರೆಲ್ಲರ ಋಣವಾಗಿದೆ.