ಶ್ರೀಲಂಕಾದ ಬ್ಯಾಂಕುಗಳು ಮತ್ತು ಕಿರುಸಾಲ: ಒಂದು ಇತಿಹಾಸ

ಶ್ರೀಲಂಕಾದಲ್ಲಿ ಆಧುನಿಕ ಬ್ಯಾಂಕು ಬೇರೂರಿದ್ದು ಕಾಫಿ ತೋಟಗಳ ಆಶ್ರಯದಲ್ಲಿ. ಹತ್ತೊಂಬತ್ತನೆಯ ಶತಮಾನದ ನಡುಭಾಗದಲ್ಲಿ ಕ್ಯಾಂಡಿಯ ಸುತ್ತಲಿನ ಬೆಟ್ಟಗಳಲ್ಲಿ ಕಾಫಿ ಬೆಳೆ ಹರಡಿದಾಗ, ತೋಟದ ಖರ್ಚಿಗೂ ರಫ್ತು ವ್ಯಾಪಾರಕ್ಕೂ ಹಣ ಒದಗಿಸಲು ಬ್ರಿಟಿಷ್ ಬ್ಯಾಂಕುಗಳು ಮುಂದಾದವು. ಭತ್ತ ಬೆಳೆಯುವ ರೈತನಿಗೆ ಅವುಗಳ ವ್ಯವಹಾರದಲ್ಲಿ ಸ್ಥಾನವಿರಲಿಲ್ಲ. 1869ರಲ್ಲಿ ಕಾಣಿಸಿಕೊಂಡ ಎಲೆತುಕ್ಕು ರೋಗವು ಕಾಫಿಯನ್ನು ಕ್ರಮೇಣ ನಾಶಮಾಡಿತು. ತೋಟಗಳಿಗೆ ಧಾರಾಳವಾಗಿ ಸಾಲ ಕೊಟ್ಟಿದ್ದ ಓರಿಯೆಂಟಲ್ ಬ್ಯಾಂಕ್ ಕಾರ್ಪೊರೇಷನ್ 1884ರಲ್ಲಿ ದಿವಾಳಿಯಾಯಿತು. ಆ ಬ್ಯಾಂಕಿನ ನೋಟುಗಳು ಜನರ ಕೈಯಲ್ಲಿದ್ದುದರಿಂದ ಗವರ್ನರ್ ಆರ್ಥರ್ ಗಾರ್ಡನ್ ಅವುಗಳಿಗೆ ಸರ್ಕಾರದ ಖಾತರಿ ಕೊಡಬೇಕಾಯಿತು. ಮರುವರ್ಷದಿಂದ ಸರ್ಕಾರವೇ ನೋಟು ಹೊರಡಿಸತೊಡಗಿತು.

ಬ್ರಿಟಿಷ್ ಬ್ಯಾಂಕಿಗೂ ಸ್ಥಳೀಯ ವರ್ತಕನಿಗೂ ನಡುವೆ ನಿಂತವರು ತಮಿಳುನಾಡಿನಿಂದ ಬಂದ ನಾಟ್ಟುಕೋಟೈ ಚೆಟ್ಟಿಯಾರರು. ಕೊಲಂಬೊದ ಪೆಟ್ಟಾದಲ್ಲಿರುವ ಸೀ ಸ್ಟ್ರೀಟ್ ಅವರ ಲೇವಾದೇವಿಯ ಕೇಂದ್ರವಾಗಿತ್ತು. ಸ್ಥಳೀಯರ ಯೋಗ್ಯತೆಯನ್ನು ಬ್ಯಾಂಕು ತಾನಾಗಿ ಪರಿಶೀಲಿಸುತ್ತಿರಲಿಲ್ಲ. ‘ಶ್ರಾಫ್’ ಎಂದು ಕರೆಯಲಾಗುತ್ತಿದ್ದ, ಸಾಲ ಮರಳದಿದ್ದರೆ ಹೊಣೆ ಹೊರುವ ಖಾತರಿದಾರನ ಮಾತಿನ ಮೇಲೆ ಚೆಟ್ಟಿಯಾರರಿಗೆ ಹಣ ಕೊಡುತ್ತಿತ್ತು, ಚೆಟ್ಟಿಯಾರರು ಅದನ್ನೇ ಹೆಚ್ಚಿನ ಬಡ್ಡಿಗೆ ಅಂಗಡಿಕಾರರಿಗೂ ತೆಂಗು, ರಬ್ಬರ್ ತೋಟಗಳ ಒಡೆಯರಿಗೂ ಕೊಡುತ್ತಿದ್ದರು. 1925ರಲ್ಲಿ ಒಂದು ದೊಡ್ಡ ಚೆಟ್ಟಿಯಾರ್ ಸಂಸ್ಥೆ ಕುಸಿದಾಗ ಬ್ಯಾಂಕುಗಳು ಕೈ ಬಿಗಿಹಿಡಿದವು. 1929ರ ನಂತರದ ಆರ್ಥಿಕ ಮುಗ್ಗಟ್ಟಿನಲ್ಲಿ ಫಸಲಿನ ಬೆಲೆ ಬಿದ್ದು, ಅಡವಿಟ್ಟ ಭೂಮಿಗಳು ಸಾಲಗಾರರಿಂದ ಕೈತಪ್ಪಿದವು. ಈ ಅಸಮಾಧಾನದ ನಡುವೆ, ಸೆಂಟ್ರಲ್ ಬ್ಯಾಂಕ್ ಆಫ್ ಇಂಡಿಯಾದ ಸ್ಥಾಪಕ ಸೊರಾಬ್ಜಿ ಪೋಚ್‌ಖಾನಾವಾಲಾ ಅವರ ಅಧ್ಯಕ್ಷತೆಯ ಬ್ಯಾಂಕಿಂಗ್ ಆಯೋಗವು 1934ರಲ್ಲಿ ದೇಶೀಯ ಬ್ಯಾಂಕೊಂದರ ಸ್ಥಾಪನೆಗೆ ಶಿಫಾರಸು ಮಾಡಿತು. ಅದರ ಫಲವಾಗಿ 1939ರಲ್ಲಿ ಬ್ಯಾಂಕ್ ಆಫ್ ಸಿಲೋನ್ ಆರಂಭವಾಯಿತು.

ಹಳ್ಳಿಯ ದಾರಿ ಬೇರೆಯಾಗಿತ್ತು. ಪರಸ್ಪರ ಬಲ್ಲ ನೆರೆಹೊರೆಯವರು ತಮ್ಮ ಉಳಿತಾಯವನ್ನು ಒಟ್ಟುಗೂಡಿಸಿ ಅದರಿಂದಲೇ ಸಾಲ ಪಡೆಯುವ ಪತ್ತಿನ ಸಹಕಾರ ಸಂಘಗಳಿಗೆ 1911ರ ಕಾನೂನು ಮಾನ್ಯತೆ ನೀಡಿತು. ಸ್ವಾತಂತ್ರ್ಯಾನಂತರ ಸರ್ಕಾರವೂ ಹಳ್ಳಿಯತ್ತ ತಿರುಗಿತು: 1961ರಲ್ಲಿ ಬ್ಯಾಂಕ್ ಆಫ್ ಸಿಲೋನ್ ರಾಷ್ಟ್ರೀಕರಣಗೊಂಡಿತು, ಅದೇ ವರ್ಷ ಸಹಕಾರ ಕ್ಷೇತ್ರದ ಬ್ಯಾಂಕನ್ನು ಒಳಗೊಂಡು ಪೀಪಲ್ಸ್ ಬ್ಯಾಂಕ್ ಹುಟ್ಟಿತು. ಈ ಬ್ಯಾಂಕು ಚಿನ್ನದ ಅಡವನ್ನು ತನ್ನ ದೊಡ್ಡ ವ್ಯವಹಾರವನ್ನಾಗಿ ಬೆಳೆಸಿದ್ದರಿಂದ, ಬಿತ್ತನೆಗೋ ಕಾಯಿಲೆಗೋ ತುರ್ತಾಗಿ ಹಣ ಬೇಕಾದ ಹೆಂಗಸು ಬಳೆಯನ್ನು ಖಾಸಗಿ ಗಿರವಿದಾರನ ಬದಲು ಬ್ಯಾಂಕಿನಲ್ಲಿ ಇಡುವಂತಾಯಿತು. ಆದರೆ ಸರ್ಕಾರಿ ಬೆಳೆಸಾಲಗಳಲ್ಲಿ ಮರುಪಾವತಿ ಮತ್ತೆ ಮತ್ತೆ ಕುಸಿಯಿತು, ಏಕೆಂದರೆ ಅನೇಕರು ಅದನ್ನು ತೀರಿಸಬೇಕಾದ ಸಾಲವೆನ್ನದೆ ಸರ್ಕಾರದ ನೆರವೆಂದು ಬಗೆದರು.

ಸೊರಗಿದ್ದ ಪತ್ತಿನ ಸಂಘಗಳಿಗೆ ಪಿ. ಎ. ಕಿರಿವಂದೆನಿಯ ಅವರು 1978ರಿಂದ ಮರುಜೀವ ಕೊಟ್ಟರು; ಆ ಚಳವಳಿ ‘ಸಣಸ’ ಎಂದು ಹೆಸರಾಯಿತು. ಅದರ ಬಲವಿದ್ದುದು ಪ್ರಾಥಮಿಕ ಸಂಘದಲ್ಲಿ. ಸದಸ್ಯರು ಮೊದಲು ಉಳಿತಾಯ ಕಟ್ಟುತ್ತಾರೆ, ಸಾಲದ ಅರ್ಜಿಯನ್ನು ಊರಿನವರೇ ತೂಗಿ ನೋಡುತ್ತಾರೆ, ಅಕ್ಕಪಕ್ಕದವರೇ ಜಾಮೀನು ನಿಲ್ಲುತ್ತಾರೆ. ಹೀಗಾಗಿ ತೀರಿಸಲಾಗದಷ್ಟು ಸಾಲ ಕೊಡುವುದನ್ನು ಕೊಡುವವರೇ ತಡೆಯುತ್ತಾರೆ. ಸಂಘಗಳ ಮೇಲೆ ಜಿಲ್ಲಾ ಒಕ್ಕೂಟ, ಅದರ ಮೇಲೆ ರಾಷ್ಟ್ರೀಯ ಒಕ್ಕೂಟ ಎಂಬ ಶ್ರೇಣಿ ಕಟ್ಟಲಾಯಿತು. 1997ರಲ್ಲಿ ಚಳವಳಿಗೆ ತನ್ನದೇ ಅಭಿವೃದ್ಧಿ ಬ್ಯಾಂಕು ದೊರೆಯಿತು.

ಅಂತರ್ಯುದ್ಧ 2009ರಲ್ಲಿ ಮುಗಿದಾಗ ಈ ಕ್ರಮ ತಲೆಕೆಳಗಾಯಿತು. ಮನೆ, ದನಕರು, ದುಡಿಯುವ ಗಂಡಸರನ್ನು ಕಳೆದುಕೊಂಡಿದ್ದ ಉತ್ತರ ಮತ್ತು ಪೂರ್ವದ ಕುಟುಂಬಗಳ ನಡುವೆ ಲಾಭಕ್ಕಾಗಿ ಕಿರುಸಾಲ ಕೊಡುವ ಕಂಪನಿಗಳು ಪೈಪೋಟಿಯಿಂದ ಹರಡಿದವು. ಉಳಿತಾಯದ ಹಂಗಿಲ್ಲದೆ, ಹೆಂಗಸರ ಗುಂಪಿಗೆ ಕೊಡುತ್ತಿದ್ದ ಈ ಸಾಲದ ಕಂತು ವಾರಕ್ಕೊಮ್ಮೆ ಬೀಳುತ್ತಿತ್ತು. ರೈತ ಕುಟುಂಬದ ಆದಾಯ ಮಾತ್ರ ಕೊಯ್ಲಿಗೊಮ್ಮೆ ಬರುತ್ತಿತ್ತು. ಆ ಅಂತರವನ್ನು ತುಂಬಲು ಇನ್ನೊಂದು ಕಂಪನಿಯಿಂದ ಸಾಲ, ಅದನ್ನು ತೀರಿಸಲು ಮತ್ತೊಂದರಿಂದ ಸಾಲ ಎಂಬ ಸುಳಿಯಲ್ಲಿ ಸಿಕ್ಕವರ ಮನೆಬಾಗಿಲಿಗೆ ವಸೂಲಿಗಾರರು ಬಂದು ನಿಂತರು. 2016ರ ಕಿರುಹಣಕಾಸು ಕಾಯ್ದೆಯು ಮುಖ್ಯವಾಗಿ ಠೇವಣಿ ಸ್ವೀಕರಿಸುವ ಸಂಸ್ಥೆಗಳತ್ತ ಗಮನಹರಿಸಿದ್ದರಿಂದ ಅನೇಕ ಸಾಲದಾತರು ಅದರ ಹಿಡಿತಕ್ಕೆ ಬರಲಿಲ್ಲ. 2018ರಲ್ಲಿ ಸರ್ಕಾರವು ಬರಪೀಡಿತ ಜಿಲ್ಲೆಗಳ ಮಹಿಳೆಯರ 1 ಲಕ್ಷ ರೂಪಾಯಿವರೆಗಿನ ಸುಸ್ತಿ ಸಾಲಗಳಿಗೆ ಪರಿಹಾರ ಪ್ರಕಟಿಸಿತು, ಕೇಂದ್ರ ಬ್ಯಾಂಕು ಹಣಕಾಸು ಕಂಪನಿಗಳ ಕಿರುಸಾಲಕ್ಕೆ ವಾರ್ಷಿಕ ಶೇ. 35ರ ಬಡ್ಡಿ ಮಿತಿ ಹಾಕಿತು. ಅಷ್ಟರಿಂದ ಸಂಕಟ ನೀಗದೆ, 2021ರ ಮಾರ್ಚ್‌ನಲ್ಲಿ ಪೊಲೊನ್ನರುವ ಜಿಲ್ಲೆಯ ಹಿಂಗುರಕ್‌ಗೊಡದಲ್ಲಿ ಸಾಲಗಾರ ಮಹಿಳೆಯರು ಸತ್ಯಾಗ್ರಹಕ್ಕೆ ಕುಳಿತರು.

ತೋಟದ ಕಾಲದಿಂದ ಇಂದಿನವರೆಗೆ ಈ ದ್ವೀಪದಲ್ಲಿ ಸಾಲವು ಕೊಡುವವನ ಅನುಕೂಲಕ್ಕೆ ತಕ್ಕಂತೆ ಹರಿದಾಗಲೆಲ್ಲ ಅದರ ಭಾರ ಹೊತ್ತವರು ಬಡವರೇ. ಉಳಿತಾಯ ಮೊದಲು, ಸಾಲ ಆಮೇಲೆ ಎಂಬ ನಿಯಮ ಉಳಿದ ಕಡೆ ಮಾತ್ರ ಸಣ್ಣ ಸಾಲ ಹಳ್ಳಿಗೆ ನಿಜವಾದ ಆಸರೆಯಾಯಿತು. ಬಡವರಿಗೆ ಸಾಲ ತಲುಪಿತೇ ಎಂಬ ಪ್ರಶ್ನೆಯಷ್ಟೇ ಅದನ್ನು ಯಾವ ಆದಾಯದಿಂದ ತೀರಿಸಲಿದ್ದಾರೆ ಎಂಬ ಪ್ರಶ್ನೆಯೂ ಮುಖ್ಯವೆಂಬುದನ್ನು ಹಣಕಾಸು ನೀತಿ ರೂಪಿಸುವವರು ಶ್ರೀಲಂಕಾದ ಅನುಭವದಿಂದ ಕಲಿಯಬೇಕು.